ಕಾಲಿಗೆ ತೊಡರಿದ ಬಳ್ಳಿ: ವಿದ್ಯಾರ್ಥಿಗಳು ಕಟ್ಟಿದ ವೆಬ್ ಕಂಪನಿಗಳ ಕಥೆ

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಎಂಬ ಮಾತು ನಮ್ಮಲ್ಲಿ ಹಳೆಯದು. ಕಾಡೆಲ್ಲ ಅಲೆದರೂ ಸಿಗದ ಬಳ್ಳಿ, ನಡೆಯುವ ದಾರಿಯಲ್ಲೇ ತಾನಾಗಿ ಕಾಲಿಗೆ ಸುತ್ತಿಕೊಂಡಿತಂತೆ. ಇಂಟರ್‌ನೆಟ್ಟಿನಲ್ಲಿ ವ್ಯವಹಾರ ಕಟ್ಟಿ ಜಗತ್ಪ್ರಸಿದ್ಧರಾದ ವಿದ್ಯಾರ್ಥಿಗಳ ಚರಿತ್ರೆಯನ್ನು ಓದುವಾಗ ಮತ್ತೆ ಮತ್ತೆ ನೆನಪಾಗುವುದು ಈ ಗಾದೆಯೇ.

ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿ 'ಬಿಸಿನೆಸ್ ಐಡಿಯಾ' ಸ್ಪರ್ಧೆಗಳು ನಡೆಯುತ್ತವೆ. ಐಡಿಯಾ ಒಂದು ಸಿಕ್ಕರೆ ಸಾಕು, ಮಿಕ್ಕಿದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆ ಅನೇಕ ಹುಡುಗ ಹುಡುಗಿಯರಲ್ಲಿದೆ. ಓದನ್ನು ಅರ್ಧಕ್ಕೆ ಬಿಟ್ಟವರೇ ಗೆಲ್ಲುತ್ತಾರೆ ಎಂಬ ಮಾತೂ ಹಾಸ್ಟೆಲ್ಲುಗಳಲ್ಲಿ ಓಡಾಡುತ್ತದೆ. ಈ ಎರಡು ನಂಬಿಕೆಗಳೂ ಎಷ್ಟು ನಿಜ? ಉತ್ತರ ಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ, ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಕೋಣೆಗಳಿಗೆ ಹೋಗಿಬರಬೇಕು.

ಬಾಗಿಲು ತೆರೆದದ್ದು ಯಾರು?

ಮೊದಲು ಒಂದು ಮುಖ್ಯ ಸಂಗತಿ. ವರ್ಲ್ಡ್ ವೈಡ್ ವೆಬ್ ಎಂಬುದನ್ನು ಕಂಡುಹಿಡಿದದ್ದು ಯಾವ ವ್ಯಾಪಾರಿಯೂ ಅಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅದರ ಮೊದಲ ಪ್ರಸ್ತಾವವನ್ನು ಬರೆದದ್ದು 1989ರಲ್ಲಿ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಬಳಸುವವರು ಶುಲ್ಕ ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ.

ಆ ಒಂದು ನಿರ್ಧಾರದಿಂದ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೂ ದೊಡ್ಡ ಕಂಪನಿಗೂ ಒಂದೇ ಬಾಗಿಲು ತೆರೆಯಿತು. ಪತ್ರಿಕೆ ನಡೆಸಬೇಕಾದರೆ ಮುದ್ರಣಯಂತ್ರ ಬೇಕು. ಅಂಗಡಿ ಇಡಬೇಕಾದರೆ ಮಳಿಗೆ ಬೇಕು. ವೆಬ್ ತಾಣಕ್ಕೆ ಬೇಕಾದದ್ದು ಇಂಟರ್‌ನೆಟ್ ಸಂಪರ್ಕವಿರುವ ಒಂದು ಕಂಪ್ಯೂಟರ್. ಅದು ಆಗ ಮನೆಗಳಲ್ಲಿ ಇರಲಿಲ್ಲ, ವಿಶ್ವವಿದ್ಯಾಲಯಗಳಲ್ಲಿ ಇತ್ತು. ವೆಬ್ಬಿನ ಮೊದಲ ಸಾಹಸಿಗಳೆಲ್ಲ ವಿದ್ಯಾರ್ಥಿಗಳೇ ಏಕಾದರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಎಂಐಟಿಯ ವಿದ್ಯಾರ್ಥಿ ಮ್ಯಾಥ್ಯೂ ಗ್ರೇ ನಡೆಸಿದ ಎಣಿಕೆಯ ಪ್ರಕಾರ 1993ರ ಜೂನ್‌ನಲ್ಲಿ ಜಗತ್ತಿನಲ್ಲಿದ್ದ ವೆಬ್ ತಾಣಗಳು ಬರೀ 130. ಒಂದೇ ವರ್ಷದಲ್ಲಿ ಅವು 2,738 ಆದವು.

ಗಂಟೆಯ ಲೆಕ್ಕದ ಕೆಲಸಗಾರ

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸೂಪರ್ ಕಂಪ್ಯೂಟರುಗಳ ರಾಷ್ಟ್ರೀಯ ಕೇಂದ್ರವೊಂದಿದೆ. ಅಲ್ಲಿ ಗಂಟೆಗೆ ಏಳು ಡಾಲರಿಗೂ ಕಡಿಮೆ ಕೂಲಿಗೆ ದುಡಿಯುತ್ತಿದ್ದ ಪದವಿ ವಿದ್ಯಾರ್ಥಿ ಮಾರ್ಕ್ ಆಂಡ್ರೀಸನ್. ಆತ ಕೇಂದ್ರದ ನೌಕರ ಎರಿಕ್ ಬೀನಾ ಜೊತೆಗೂಡಿ 1993ರಲ್ಲಿ 'ಮೊಸಾಯಿಕ್' ಎಂಬ ಬ್ರೌಸರ್ ಸಿದ್ಧಪಡಿಸಿದ. ಅಕ್ಷರಗಳ ನಡುವೆಯೇ ಚಿತ್ರವನ್ನೂ ತೋರಿಸುತ್ತಿದ್ದ, ಮೌಸ್ ಒತ್ತಿದರೆ ಮುಂದಿನ ಪುಟಕ್ಕೆ ಕರೆದೊಯ್ಯುತ್ತಿದ್ದ ಈ ತಂತ್ರಾಂಶ ವೆಬ್ಬನ್ನು ವಿಜ್ಞಾನಿಗಳ ಕೋಣೆಯಿಂದ ಜನಸಾಮಾನ್ಯರ ಮೇಜಿಗೆ ತಂದಿತು.

ಆಂಡ್ರೀಸನ್ ಇದನ್ನು ಮಾರಲು ಬರೆಯಲಿಲ್ಲ. ಇದ್ದ ಸಾಧನಗಳು ಬಳಸಲು ಕಷ್ಟವಾಗಿದ್ದವು, ಸುಲಭದ್ದೊಂದು ಬೇಕಿತ್ತು. ಬರೆದು ಪುಕ್ಕಟೆ ಹಂಚಿದರು. ವ್ಯಾಪಾರದ ಮಾತು ಬಂದದ್ದು ಪದವಿ ಮುಗಿಸಿ ಕ್ಯಾಲಿಫೋರ್ನಿಯಾಗೆ ಹೋದ ಮೇಲೆ. ಅಲ್ಲಿ ಉದ್ಯಮಿ ಜಿಮ್ ಕ್ಲಾರ್ಕ್ ಜೊತೆ 1994ರ ಏಪ್ರಿಲ್‌ನಲ್ಲಿ ಆರಂಭವಾದ ಕಂಪನಿಯೇ ಮುಂದೆ ನೆಟ್‌ಸ್ಕೇಪ್ ಆಯಿತು. 1995ರ ಆಗಸ್ಟ್ 9ರಂದು ಅದರ ಷೇರು ಪೇಟೆಗೆ ಬಂದಾಗ 28 ಡಾಲರಿನ ಷೇರು ಸಂಜೆಗೆ 58.25 ಡಾಲರ್ ಆಗಿತ್ತು. ವೆಬ್ಬಿನಲ್ಲಿ ಹಣವಿದೆ ಎಂದು ಜಗತ್ತಿಗೆ ಡಂಗುರ ಹೊಡೆದದ್ದು ಆ ದಿನ.

ಸುಮೋ ಪೈಲ್ವಾನರ ಹೆಸರಿನ ಕಂಪ್ಯೂಟರುಗಳು

ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸಂಶೋಧನ ವಿದ್ಯಾರ್ಥಿಗಳು. ಅವರ ಕಚೇರಿ ಆವರಣದಲ್ಲಿದ್ದ ಒಂದು ಟ್ರೇಲರ್ ಕೋಣೆ. ಸಂಶೋಧನೆಯ ವಿಷಯ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳ ವಿನ್ಯಾಸ. ಮಹಾಪ್ರಬಂಧ ಬರೆಯಬೇಕಾದ ಹೊತ್ತಿನಲ್ಲಿ ಇಬ್ಬರಿಗೂ ವೆಬ್ಬಿನ ಹುಚ್ಚು ಹಿಡಿಯಿತು. ತಾವು ನೋಡಿದ ಒಳ್ಳೆಯ ತಾಣಗಳು ಮರೆತುಹೋಗದಿರಲೆಂದು 1994ರ ಆರಂಭದಲ್ಲಿ ಒಂದು ಪಟ್ಟಿ ಬರೆದಿಡತೊಡಗಿದರು. ಪಟ್ಟಿ ಉದ್ದವಾದಾಗ ವಿಷಯವಾರು ವಿಂಗಡಿಸಿದರು. ವಿಷಯಗಳೂ ತುಂಬಿದಾಗ ಉಪವಿಷಯ ಮಾಡಿದರು.

ಇದೇ 'ಯಾಹೂ'. ಮೊದಲು 'ಜೆರ್ರಿ ಮತ್ತು ಡೇವಿಡ್ ಅವರ ವರ್ಲ್ಡ್ ವೈಡ್ ವೆಬ್ ಕೈಪಿಡಿ' ಎಂದೇ ಅದಕ್ಕೆ ಹೆಸರು. ತಾಣವಿದ್ದ ಎರಡು ಕಂಪ್ಯೂಟರುಗಳಿಗೆ 'ಅಕೆಬೊನೊ' ಮತ್ತು 'ಕೊನಿಶಿಕಿ' ಎಂದು ಸುಮೋ ಪೈಲ್ವಾನರ ಹೆಸರಿಟ್ಟಿದ್ದರು. ಬರೀ ಸ್ನೇಹಿತರಿಗೆಂದು ತೆರೆದಿಟ್ಟ ಪಟ್ಟಿಯನ್ನು ಜಗತ್ತಿನ ಮೂಲೆಮೂಲೆಯವರು ನೋಡತೊಡಗಿದರು. 1994ರ ಕೊನೆಯ ತಿಂಗಳುಗಳ ಹೊತ್ತಿಗೆ ಒಂದೇ ದಿನ ಹತ್ತು ಲಕ್ಷ ಬಾರಿ ಪುಟಗಳನ್ನು ತೆರೆದದ್ದೂ ಉಂಟು.

ವಿಶ್ವವಿದ್ಯಾಲಯದ ಸಂಪರ್ಕದ ಮೇಲೆ ಹೊರೆ ಬಿತ್ತು. ತಾಣವನ್ನು ಬೇರೆಡೆಗೆ ಒಯ್ಯಿರಿ ಎಂಬ ಸೂಚನೆ ಬಂತು. ನೆಟ್‌ಸ್ಕೇಪಿನ ಆಂಡ್ರೀಸನ್ ತಮ್ಮ ಕಂಪ್ಯೂಟರುಗಳಲ್ಲಿ ಜಾಗ ಕೊಟ್ಟರು. 1995ರ ಮಾರ್ಚ್‌ನಲ್ಲಿ ಕಂಪನಿ ನೋಂದಣಿಯಾಯಿತು. ಏಪ್ರಿಲ್‌ನಲ್ಲಿ ಸೆಕೋಯಾ ಕ್ಯಾಪಿಟಲ್ ಸಂಸ್ಥೆ ಸುಮಾರು 20 ಲಕ್ಷ ಡಾಲರ್ ತೊಡಗಿಸಿತು. ಮರು ವರ್ಷ ಏಪ್ರಿಲ್ 12ರಂದು ಯಾಹೂ ಷೇರು ಪೇಟೆಯಲ್ಲಿತ್ತು. ಅಂದರೆ ಜನ ಮೊದಲು ಬಂದರು, ಕಂಪನಿ ಆಮೇಲೆ ಬಂತು, ಆದಾಯದ ದಾರಿ ಅದಕ್ಕೂ ಆಮೇಲೆ ಕಂಡಿತು.

ಮಾರಲು ಹೊರಟರು, ಕೊಳ್ಳುವವರಿರಲಿಲ್ಲ

ಅದೇ ಸ್ಟ್ಯಾನ್‌ಫೋರ್ಡಿನಲ್ಲಿ ಲ್ಯಾರಿ ಪೇಜ್ ಎಂಬ ಮತ್ತೊಬ್ಬ ಸಂಶೋಧನ ವಿದ್ಯಾರ್ಥಿ 1996ರಲ್ಲಿ ವೆಬ್ ಪುಟಗಳ ನಡುವಿನ ಕೊಂಡಿಗಳನ್ನು ಎಣಿಸುತ್ತ ಕೂತಿದ್ದ. ವಿದ್ವತ್ ಲೋಕದಲ್ಲಿ ಒಂದು ಲೇಖನದ ತೂಕ ಅಳೆಯುವುದು ಅದನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂಬುದರಿಂದ. ವೆಬ್ ಪುಟಕ್ಕೂ ಅದೇ ಅಳತೆಗೋಲು ಹಿಡಿದರೆ ಹೇಗೆ? ಹೆಚ್ಚು ಪುಟಗಳು ಯಾವ ಪುಟದತ್ತ ಬೆರಳು ತೋರುತ್ತವೋ ಅದು ಮುಖ್ಯ. ಬೆರಳು ತೋರುವ ಪುಟವೇ ಮುಖ್ಯವಾದದ್ದಾದರೆ ಆ ಸಾಕ್ಷಿಗೆ ಇನ್ನೂ ತೂಕ. ಹಳ್ಳಿಯಲ್ಲಿ ಒಳ್ಳೆಯ ನಾಟಿ ವೈದ್ಯ ಯಾರೆಂದು ತಿಳಿಯಲು ನಾಲ್ಕು ಮಂದಿ ಹಿರಿಯರನ್ನು ಕೇಳುವುದಿಲ್ಲವೆ, ಹಾಗೆ. ಗಣಿತ ಬಲ್ಲ ಗೆಳೆಯ ಸರ್ಗೇ ಬ್ರಿನ್ ಜೊತೆಯಾದ. ಪ್ರಾಧ್ಯಾಪಕರಾದ ಟೆರ್ರಿ ವಿನೊಗ್ರಾಡ್ ಮತ್ತು ಭಾರತೀಯ ಮೂಲದ ರಾಜೀವ್ ಮೋಟ್ವಾನಿ ಮಾರ್ಗದರ್ಶನ ನೀಡಿದರು. ಹಣ ಬಂದದ್ದು ಡಿಜಿಟಲ್ ಗ್ರಂಥಾಲಯ ಯೋಜನೆಯಿಂದ. ಅದರ ಹಿಂದೆ ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವಿತ್ತು.

ಹೀಗೆ ಹುಟ್ಟಿದ ಶೋಧಯಂತ್ರವನ್ನು ಇಬ್ಬರೂ ಆಗಿನ ದೊಡ್ಡ ಕಂಪನಿಗಳಿಗೆ ಮಾರಿ ಓದಿಗೆ ಮರಳಲು ನೋಡಿದರು. ಯಾರೂ ಕೊಳ್ಳಲಿಲ್ಲ. ನೀವೇ ಕಂಪನಿ ಮಾಡಿ ಬೆಳೆಸಿ ಎಂದು ಉತ್ತೇಜಿಸಿದವರಲ್ಲಿ ಯಾಹೂವಿನ ಡೇವಿಡ್ ಫಿಲೊ ಕೂಡ ಒಬ್ಬರು. 1998ರ ಆಗಸ್ಟ್‌ನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸ್ಥಾಪಕರಲ್ಲೊಬ್ಬರಾದ ಆಂಡಿ ಬೆಕ್ಟೋಲ್‌ಶೈಮ್ 'ಗೂಗಲ್ ಇಂಕ್' ಹೆಸರಿಗೆ ಒಂದು ಲಕ್ಷ ಡಾಲರಿನ ಚೆಕ್ ಬರೆದುಕೊಟ್ಟರು. ತಮಾಷೆಯೆಂದರೆ ಆ ಹೆಸರಿನ ಕಂಪನಿ ಇನ್ನೂ ಇರಲೇ ಇಲ್ಲ! ಸೆಪ್ಟೆಂಬರಿನಲ್ಲಿ ನೋಂದಣಿ ಆಗುವವರೆಗೂ ಚೆಕ್ ಜಮಾ ಮಾಡುವಂತಿರಲಿಲ್ಲ.

ಇಲ್ಲೊಂದು ವಿಪರ್ಯಾಸವೂ ಇದೆ. ಜಾಹೀರಾತಿನಿಂದ ಬದುಕುವ ಶೋಧಯಂತ್ರ ಬಳಕೆದಾರರಿಗಿಂತ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಇವರಿಬ್ಬರು 1998ರ ತಮ್ಮ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಎರಡು ವರ್ಷದ ಬಳಿಕ, 2000ದಲ್ಲಿ, ಗೂಗಲ್ ತನ್ನ ಜಾಹೀರಾತು ವ್ಯವಸ್ಥೆಯನ್ನು ಆರಂಭಿಸಿತು. ಆ ಕಂಪನಿಯ ಸಂಪತ್ತಿನ ಬಹುಪಾಲು ಬಂದದ್ದು ಅಲ್ಲಿಂದಲೇ. ವಿದ್ಯಾರ್ಥಿ ಬರೆದ ಮಾತು ಒಂದು, ವ್ಯಾಪಾರಿ ಹಿಡಿದ ದಾರಿ ಇನ್ನೊಂದು.

ಬೆಂಗಳೂರಿನಲ್ಲಿ ಬೆಳೆದ ಹುಡುಗ

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಪಿಲಾನಿಯ ಬಿಟ್ಸ್‌ನಿಂದ 1988ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋದವರು. ಸ್ಟ್ಯಾನ್‌ಫೋರ್ಡಿನಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೆಲಸಕ್ಕೆ ಸೇರಿದರು. ಸಹೋದ್ಯೋಗಿ ಜ್ಯಾಕ್ ಸ್ಮಿತ್ ಜೊತೆ ಸ್ವಂತ ಕಂಪನಿ ಮಾಡುವ ಆಸೆ. ಇವರು ಮಾತ್ರ ಐಡಿಯಾ ಹುಡುಕಿಯೇ ಹೊರಟವರು. ವೆಬ್ಬಿನಲ್ಲಿ ಮಾಹಿತಿ ಸಂಗ್ರಹಿಸಿಡುವ ತಂತ್ರಾಂಶವೊಂದನ್ನು ಮಾಡೋಣವೆಂದು ಯೋಚಿಸಿದ್ದರು.

ಅದರ ಬಗ್ಗೆ ಪರಸ್ಪರ ಟಿಪ್ಪಣಿ ಕಳಿಸಿಕೊಳ್ಳಬೇಕಲ್ಲ? ಕಚೇರಿಯ ಇ-ಮೇಲ್ ಬಳಸಿದರೆ ಮೇಲಿನವರು ಓದಿಯಾರು ಎಂಬ ಅಂಜಿಕೆ. ಖಾಸಗಿ ಇ-ಮೇಲ್ ತೆರೆಯಲು ಕಚೇರಿಯ ಕಂಪ್ಯೂಟರ್ ಜಾಲ ಬಿಡುತ್ತಿರಲಿಲ್ಲ. ಆದರೆ ವೆಬ್ ಪುಟಗಳು ಮಾತ್ರ ತೆರೆಯುತ್ತಿದ್ದವು. ಹಾಗಾದರೆ ಪತ್ರವನ್ನೇ ವೆಬ್ ಪುಟದಲ್ಲಿಟ್ಟರೆ? ಹುಡುಕಿಕೊಂಡು ಹೊರಟದ್ದು ಒಂದು, ಕಾಲಿಗೆ ತೊಡರಿದ್ದು ಇನ್ನೊಂದು. 1996ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಹಾಟ್‌ಮೇಲ್ ಆರಂಭವಾಯಿತು. ಬಂಡವಾಳ ಹಾಕಿದವರ ಸಲಹೆಯಂತೆ ಪ್ರತಿ ಪತ್ರದ ಅಡಿಯಲ್ಲಿ 'ಹಾಟ್‌ಮೇಲ್‌ನಲ್ಲಿ ಉಚಿತ ಇ-ಮೇಲ್ ಪಡೆಯಿರಿ' ಎಂಬರ್ಥದ ಒಂದು ಸಾಲು ತಾನಾಗಿ ಸೇರುತ್ತಿತ್ತು. ಪತ್ರ ಬರೆದವರೆಲ್ಲ ಪುಕ್ಕಟೆ ಪ್ರಚಾರಕರಾದರು. ಒಂದೂವರೆ ವರ್ಷದಲ್ಲಿ ಚಂದಾದಾರರು 85 ಲಕ್ಷ ದಾಟಿದರು. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪನಿ ಸುಮಾರು 40 ಕೋಟಿ ಡಾಲರ್ ಮೌಲ್ಯಕ್ಕೆ ಅದನ್ನು ಕೊಂಡಿತು.

ಕಾಗದ ಹಿಡಿದು ಕೂತವನು

ಬರೀ ಐಡಿಯಾ ಹುಡುಕಿ ಗೆದ್ದವರೇ ಇಲ್ಲವೆ? ಇದ್ದಾರೆ. ಇಂಗ್ಲೆಂಡಿನ ವಿಲ್ಟ್‌ಷೈರಿನ 21ರ ಹರೆಯದ ಅಲೆಕ್ಸ್ ಟ್ಯೂಗೆ 2005ರಲ್ಲಿ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯ ಸೇರಬೇಕಿತ್ತು. ಸಾಲ ಮಾಡದೆ ಓದುವುದು ಹೇಗೆ? ಹತ್ತು ಲಕ್ಷ ಡಾಲರ್ ಸಂಪಾದಿಸುವ ಬಗೆ ಏನು ಎಂದು ಕಾಗದದ ಮೇಲೆ ಬರೆದುಕೊಂಡೇ ಯೋಚಿಸಿದ. ಒಂದು ವೆಬ್ ಪುಟದಲ್ಲಿ ಹತ್ತು ಲಕ್ಷ ಚುಕ್ಕಿ, ಅಂದರೆ ಪಿಕ್ಸೆಲ್. ಚುಕ್ಕಿಗೆ ಒಂದು ಡಾಲರಿನಂತೆ, ಕನಿಷ್ಠ ನೂರು ಚುಕ್ಕಿಗಳ ಚೌಕವನ್ನು ಜಾಹೀರಾತಿಗೆ ಮಾರುವುದು. ಆಗಸ್ಟ್ 26ರಂದು ಶುರುವಾದ ಈ ಪುಟಕ್ಕೆ ಪತ್ರಿಕೆಗಳಲ್ಲಿ ಪ್ರಚಾರ ಸಿಕ್ಕಿತು. ಕೊನೆಯ ಸಾವಿರ ಚುಕ್ಕಿಗಳು 2006ರ ಜನವರಿಯಲ್ಲಿ ಹರಾಜಿನಲ್ಲಿ 38,100 ಡಾಲರಿಗೆ ಹೋದವು. ಒಟ್ಟು ವಸೂಲಿ 10,37,100 ಡಾಲರ್.

ಆದರೆ ಇದು ಒಂದೇ ಸಲ ಕಟಾವಾಗುವ ಬೆಳೆ. ಅನುಕರಿಸಿದವರು ಬೇಕಾದಷ್ಟು; ಆ ಮೊತ್ತದ ಹತ್ತಿರಕ್ಕೆ ಯಾರೂ ಬರಲಿಲ್ಲ. ಜನ ನೋಡಿದ್ದು ಮೊದಲನೆಯದೆಂಬ ಸೋಜಿಗಕ್ಕಾಗಿ. ಆ ಪುಟದಿಂದ ಯಾರಿಗೂ ದಿನನಿತ್ಯದ ಉಪಯೋಗವಿರಲಿಲ್ಲ. 2017ರಲ್ಲಿ ಹಾರ್ವರ್ಡಿನ ಗ್ರಂಥಾಲಯ ಪ್ರಯೋಗಾಲಯ ಪರೀಕ್ಷಿಸಿದಾಗ ಅದರಲ್ಲಿದ್ದ 2,816 ಕೊಂಡಿಗಳ ಪೈಕಿ 547 ಪೂರ್ತಿ ಸತ್ತಿದ್ದವು. ಟ್ಯೂ ಓದು ಬಿಟ್ಟ. ಮುಂದೆ 2012ರಲ್ಲಿ ಧ್ಯಾನಕ್ಕೆ ನೆರವಾಗುವ 'ಕಾಮ್' ಕಂಪನಿಯನ್ನು ಜೊತೆಗೂಡಿ ಕಟ್ಟಿದಾಗ ಮಾತ್ರ ಬಾಳುವಂಥ ವ್ಯವಹಾರ ಕೈಗೆ ಬಂತು.

ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ತೆರೆದ 'ದಿಗ್ಲೋಬ್ ಡಾಟ್ ಕಾಮ್' ಕಥೆ ಇನ್ನೂ ಪಾಠ ಹೇಳುವಂಥದು. 1998ರ ನವೆಂಬರ್ 13ರಂದು ಅದರ 9 ಡಾಲರಿನ ಷೇರು ಮೊದಲ ದಿನವೇ 63.50 ಡಾಲರಿನಲ್ಲಿ ನಿಂತಿತು. ಇಪ್ಪತ್ತರ ಹರೆಯದ ಇಬ್ಬರೂ ಕಾಗದದ ಮೇಲೆ ಕೋಟ್ಯಧೀಶರು. ಆದರೆ ಜನ ಬರುತ್ತಿದ್ದರೇ ಹೊರತು ಖರ್ಚಿಗೆ ತಕ್ಕ ವರಮಾನವಿರಲಿಲ್ಲ. 2000ದ ಮಾರ್ಚ್ 10ರಂದು 5,048ಕ್ಕೆ ಏರಿ ನಿಂತಿದ್ದ ನ್ಯಾಸ್ಡಾಕ್ ಸೂಚ್ಯಂಕ 2002ರ ಅಕ್ಟೋಬರಿನಲ್ಲಿ 1,114ಕ್ಕೆ ಕುಸಿಯಿತು. ದಿಗ್ಲೋಬ್ ಷೇರು 2001ರ ಹೊತ್ತಿಗೇ ಒಂದು ಡಾಲರಿಗಿಂತ ಕೆಳಗಿಳಿದು ಪಟ್ಟಿಯಿಂದ ಹೊರಬಿದ್ದಿತ್ತು. ಜನ ಬಂದರೆ ಹಣ ಹಿಂದೆಯೇ ಬರುತ್ತದೆ ಎಂಬ ಯಾಹೂ ಕಾಲದ ಪಾಠ ಎಲ್ಲರಿಗೂ ಒದಗಲಿಲ್ಲ.

ಐಡಿಯಾ ಯಾರ ಸ್ವತ್ತು?

ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ, ಸರ್ಕಾರದ ಅನುದಾನದಲ್ಲಿ ವಿದ್ಯಾರ್ಥಿ ಮಾಡಿದ್ದು ಯಾರದು? ಈ ಪ್ರಶ್ನೆಗೆ ಎರಡು ಕಡೆ ಎರಡು ಉತ್ತರ ಸಿಕ್ಕಿತು.

ಮೊಸಾಯಿಕ್ ತನ್ನದೆಂದು ಇಲಿನಾಯ್ ವಿಶ್ವವಿದ್ಯಾಲಯ ಹಕ್ಕು ಸಾಧಿಸಿತು. ಆಂಡ್ರೀಸನ್ ತಂಡ ಹೊಸದಾಗಿ ತಂತ್ರಾಂಶ ಬರೆದರೂ 'ಮೊಸಾಯಿಕ್ ಕಮ್ಯುನಿಕೇಷನ್ಸ್' ಎಂದಿದ್ದ ಕಂಪನಿಯ ಹೆಸರನ್ನು 1994ರ ನವೆಂಬರಿನಲ್ಲಿ ಬದಲಿಸಬೇಕಾಯಿತು. ಡಿಸೆಂಬರಿನಲ್ಲಿ ರಾಜಿಯಾಯಿತು; ವಿಶ್ವವಿದ್ಯಾಲಯಕ್ಕೂ ಹುಡುಗರಿಗೂ ನಡುವೆ ಕಹಿ ಉಳಿಯಿತು. ಸ್ಟ್ಯಾನ್‌ಫೋರ್ಡ್ ಬೇರೆ ದಾರಿ ಹಿಡಿಯಿತು. ಗೂಗಲ್‌ನ ಮೂಲ ಪೇಟೆಂಟನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡು, ಬಳಸುವ ಹಕ್ಕನ್ನು ವಿದ್ಯಾರ್ಥಿಗಳ ಕಂಪನಿಗೆ ಕೊಟ್ಟು, ಬದಲಿಗೆ 18 ಲಕ್ಷ ಷೇರು ಪಡೆಯಿತು. 2005ರಲ್ಲಿ ಮಾರಿದಾಗ ಅವುಗಳಿಂದ ಬಂದದ್ದು 33.6 ಕೋಟಿ ಡಾಲರ್. ಆಕಳನ್ನು ಕಟ್ಟಿಹಾಕಿಕೊಂಡವರಿಗಿಂತ ಮೇಯಲು ಬಿಟ್ಟವರಿಗೇ ಹೆಚ್ಚು ಹಾಲು ಸಿಕ್ಕಿತು ಎನ್ನಬಹುದು.

ವಿದ್ಯಾರ್ಥಿಗಳ ನಡುವೆಯೇ ವ್ಯಾಜ್ಯ ಹುಟ್ಟಿದ್ದೂ ಉಂಟು. ಹಾರ್ವರ್ಡಿನಲ್ಲಿ 2004ರ ಫೆಬ್ರುವರಿ 4ರಂದು ಮಾರ್ಕ್ ಜುಕರ್‌ಬರ್ಗ್ ಫೇಸ್‌ಬುಕ್ ತೆರೆದಾಗ, ಅದು ತಮ್ಮ ಐಡಿಯಾ ಎಂದು ಮೂವರು ಸಹಪಾಠಿಗಳು ದೂರಿದರು. ನ್ಯಾಯಾಲಯದ ಮೆಟ್ಟಿಲೇರಿದ ಜಗಳ 2008ರಲ್ಲಿ, ನಗದು ಮತ್ತು ಷೇರು ಸೇರಿ 6.5 ಕೋಟಿ ಡಾಲರ್ ಮೌಲ್ಯದ ರಾಜಿಯಲ್ಲಿ ಮುಗಿಯಿತು. ಇನ್ನು ಪರರ ಸ್ವತ್ತಿನ ಮೇಲೆ ಕಟ್ಟಿದ ಮನೆಯ ಗತಿಗೆ ನ್ಯಾಪ್‌ಸ್ಟರ್ ಉದಾಹರಣೆ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಶಾನ್ ಫ್ಯಾನಿಂಗ್ ಹಾಡುಗಳನ್ನು ಹಂಚಿಕೊಳ್ಳಲು 1999ರಲ್ಲಿ ಮಾಡಿದ ಈ ತಂತ್ರಾಂಶವನ್ನು ಕೋಟಿಗಟ್ಟಲೆ ಜನ ಬಳಸಿದರು. ಧ್ವನಿಮುದ್ರಣ ಕಂಪನಿಗಳು ಮೊಕದ್ದಮೆ ಹೂಡಿದವು. 2001ರ ಜುಲೈನಲ್ಲಿ ಬಾಗಿಲು ಮುಚ್ಚಬೇಕಾಯಿತು.

ಓದು ಬಿಡಬೇಕೆ?

ಓದು ಬಿಟ್ಟವರ ಕಥೆಯನ್ನೂ ಸರಿಯಾಗಿ ನೋಡಬೇಕು. ಯಾಂಗ್, ಫಿಲೊ, ಪೇಜ್, ಬ್ರಿನ್ ನಾಲ್ವರೂ ಬಿಟ್ಟದ್ದು ಪಿಎಚ್‌.ಡಿ.ಯನ್ನು. ಅಷ್ಟರಲ್ಲಿ ಅವರ ಕೈಯಲ್ಲಿ ಪದವಿ, ಸ್ನಾತಕೋತ್ತರ ಪದವಿಗಳಿದ್ದವು. ಆಂಡ್ರೀಸನ್ ಪದವಿ ಮುಗಿಸಿಯೇ ಊರು ಬಿಟ್ಟವರು. ಭಾಟಿಯಾ ನೌಕರಿಯಲ್ಲಿದ್ದವರು. ಜುಕರ್‌ಬರ್ಗ್ ಪದವಿ ಮುಗಿಸಲಿಲ್ಲ ನಿಜ, ಆದರೆ ಹಾರ್ವರ್ಡ್ ಬಿಡುವ ಹೊತ್ತಿಗೆ ಫೇಸ್‌ಬುಕ್ ಆಗಲೇ ಹಲವು ಕಾಲೇಜುಗಳಿಗೆ ಹಬ್ಬಿತ್ತು. ಕಂಪನಿ ಮುಳುಗಿದ್ದರೆ ಇವರಲ್ಲಿ ಯಾರೂ ಬೀದಿಗೆ ಬೀಳುತ್ತಿರಲಿಲ್ಲ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿ ಓದುವ, ಊರಿನಲ್ಲಿ ಅಪ್ಪ ಅಮ್ಮ ಫಲಿತಾಂಶಕ್ಕೆ ಕಾದಿರುವ ದಾವಣಗೆರೆಯ ಅಥವಾ ಕಲಬುರಗಿಯ ವಿದ್ಯಾರ್ಥಿ ಈ ಲೆಕ್ಕವನ್ನು ಮರೆಯಬಾರದು. ಗೆದ್ದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಸೋತವರ ಸಂಖ್ಯೆಯನ್ನು ಯಾರೂ ಬರೆದಿಡುವುದಿಲ್ಲ.

ನಮ್ಮ ಕಡೆ

ಯಾಹೂ ಹುಟ್ಟಿದ ಕಾಲದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಅಂಥ ಅವಕಾಶ ಇತ್ತೆ? ಎರ್ನೆಟ್ ಎಂಬ ಶೈಕ್ಷಣಿಕ ಜಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳಂಥ ಕೆಲವೇ ಸಂಸ್ಥೆಗಳನ್ನು ಬೆಸೆದಿತ್ತು. ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮಾಮೂಲಿ ಕಾಲೇಜಿನ ಹುಡುಗನಿಗೆ ಅದು ಕೈಗೆಟುಕದ ದ್ರಾಕ್ಷಿ. ಬುದ್ಧಿಯ ಕೊರತೆ ಇರಲಿಲ್ಲ, ಬಾಗಿಲು ತೆರೆದಿರಲಿಲ್ಲ ಅಷ್ಟೆ.

ಬಾಗಿಲು ತೆರೆದ ಮೇಲೆ ಇಲ್ಲಿಯೂ ಬಳ್ಳಿ ಕಾಲಿಗೇ ತೊಡರಿತು. 2005ರ ದೀಪಾವಳಿಯಲ್ಲಿ ಬೆಂಗಳೂರಿನ ಯುವ ಎಂಜಿನಿಯರ್ ಫಣೀಂದ್ರ ಸಾಮ ಅವರಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗಲಿಲ್ಲ. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಇದೆ ಎಂಬುದು ಒಬ್ಬ ಏಜೆಂಟನಿಗೂ ಪೂರ್ತಿ ತಿಳಿದಿರಲಿಲ್ಲ. ಬಿಟ್ಸ್ ಪಿಲಾನಿಯ ಗೆಳೆಯರ ಜೊತೆ 2006ರಲ್ಲಿ ಅವರು ಆರಂಭಿಸಿದ್ದೇ ರೆಡ್‌ಬಸ್. ಹಬ್ಬಕ್ಕೆ ಊರಿಗೆ ಹೋಗಲಾಗದ ಸಂಕಟ ಸಾವಿರಾರು ಮಂದಿಗೆ ಗೊತ್ತಿತ್ತು. ಅದನ್ನು ಬಿಡಿಸಬೇಕಾದ ಲೆಕ್ಕವಾಗಿ ನೋಡಿದವರು ಇವರು.

ಕರ್ನಾಟಕ ಸರ್ಕಾರ 2015ರಲ್ಲಿ ನವೋದ್ಯಮ ನೀತಿಯನ್ನು ತಂದು, ಬೆಂಗಳೂರಿನಾಚೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಹೊಸ ಕಂಪನಿಗಳನ್ನು ಪೋಷಿಸುವ ಕೇಂದ್ರಗಳಿಗೆ ನೆರವಾಯಿತು. ಉದ್ಯಮ ಹೂಡುವ ವಿದ್ಯಾರ್ಥಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ಪಡೆದು ಮತ್ತೆ ತರಗತಿಗೆ ಮರಳಬಹುದೆಂಬುದು 2019ರ ರಾಷ್ಟ್ರೀಯ ನೀತಿಯ ಆಶಯ. ಇದು ಮುಖ್ಯವಾದ ಮಾತು. ಏಕೆಂದರೆ ಸ್ಟ್ಯಾನ್‌ಫೋರ್ಡಿನ ಹುಡುಗರಿಗೆ ಧೈರ್ಯ ಕೊಟ್ಟದ್ದು ಐಡಿಯಾ ಅಲ್ಲ, ಸೋತರೂ ಮರಳಬಹುದೆಂಬ ಭರವಸೆ. ಆ ಭರವಸೆ ನಮ್ಮ ತಾಲ್ಲೂಕು ಕೇಂದ್ರದ ಕಾಲೇಜಿಗೂ ಮುಟ್ಟಬೇಕು. ವಿದ್ಯಾರ್ಥಿಯೂ ತನ್ನ ಕಾಲೇಜಿನ ನಿಯಮ ಏನು, ತಾನು ಮಾಡಿದ್ದರಲ್ಲಿ ಪಾಲು ಯಾರದು ಎಂಬುದನ್ನು ಮೊದಲೇ ಕಾಗದದಲ್ಲಿ ಕೇಳಿ ಪಡೆಯಬೇಕು. ಗೆಳೆಯರ ನಡುವೆಯೂ ಅಷ್ಟೆ.

ಹಾಗಾದರೆ ಯಾವ ಐಡಿಯಾ ಹುಡುಕಲಿ ಎಂದು ಕೇಳುವವರಿಗೆ ಈ ಚರಿತ್ರೆ ಕೊಡುವ ಉತ್ತರ ಸರಳ. ನಿಮ್ಮ ಓದಿನಲ್ಲಿ, ಹಾಸ್ಟೆಲ್ಲಿನಲ್ಲಿ, ಊರಿನ ಬಸ್ ನಿಲ್ದಾಣದಲ್ಲಿ ದಿನವೂ ತೊಡಕಾಗುವುದೇನು ಎಂದು ಗಮನಿಸಿ. ಅದನ್ನು ಮೊದಲು ನಿಮಗಾಗಿ ಬಿಡಿಸಿಕೊಳ್ಳಿ. ಆಮೇಲೆ ಪಕ್ಕದವರು ನಮಗೂ ಕೊಡಿ ಎಂದು ಕೇಳಿದರೆ, ಆ ಬಳ್ಳಿಗೆ ಬೇರಿದೆ ಎಂದರ್ಥ. ಯಾರೂ ಕೇಳದಿದ್ದರೂ ನಷ್ಟವಿಲ್ಲ. ನಿಮ್ಮ ತೊಡಕಂತೂ ಬಿಡಿಸಿತಲ್ಲ.